ಕಾಗೆ ಮುಟ್ಟದ ಎಡೆ

ಟವೆಲ್ಲಿನವನು ಎಡೆಯ ಕಡೆ ಒಮ್ಮೆಯೂ ನೋಡಲಿಲ್ಲ. ಶಶಿಧರ್ ಅವರಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಹಸಿದವನು ಕೋಳಿಸಾರು ಬಿಟ್ಟು ಗೋಡೆ ನೋಡುತ್ತಾನೆಂದರೆ ಏನೋ ಇದೆ.

ಮಂಡ್ಯದ ಚರ್ಚಿನ ಹಿತ್ತಲಲ್ಲಿ ದಿನಾ ಮಧ್ಯಾಹ್ನ ಅರವತ್ತು ಜನಕ್ಕೆ ಊಟ ಹಾಕುತ್ತಾರೆ. ಸಂಬಳದವರು ಯಾರೂ ಇಲ್ಲ. ಬಿಡುವಿದ್ದವರು ಬಂದು ತರಕಾರಿ ಹೆಚ್ಚುತ್ತಾರೆ, ಮುದ್ದೆ ಕಟ್ಟುತ್ತಾರೆ. ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಿಂದ ನಿವೃತ್ತರಾದ ಶಶಿಧರ್ ಅವರದು ಸಾಲು ನೋಡಿಕೊಳ್ಳುವ ಕೆಲಸ. ಸಿಸ್ಟರ್ ಹಾಕಿದ ನಿಯಮ ಒಂದೇ: ಬಂದವರ ಹೆಸರು ಕೇಳಬಾರದು. ಶಶಿಧರ್ ಅವರಿಗೆ ಇದೊಂದು ನುಂಗಲಾರದ ತುತ್ತು. ಇಪ್ಪತ್ತೆಂಟು ವರ್ಷ ಬೀಜದ ಪೊಟ್ಟಣಕ್ಕೂ ಹೆಸರು ಬರೆದು ಅಂಟಿಸಿದ ಮನುಷ್ಯ.

ಹಾಗಾಗಿ ತಾವೇ ಹೆಸರಿಟ್ಟುಕೊಂಡಿದ್ದರು, ಇವನಿಗೆ ಟವೆಲ್ಲಿನವನು ಎಂದು. ಬಿಸಿಲಿರಲಿ, ಮೋಡವಿರಲಿ, ಇವನ ತಲೆ ಕಿವಿ ಮುಚ್ಚಿ ಟವೆಲ್ಲು. ಕೆಳಗೆ ಎದೆ ಮುಟ್ಟುವ ಗಡ್ಡ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ, ಭಾರತೀನಗರದ ಬಸ್ಸು ನಿಲ್ಲುವ ಕಡೆ ಕೂತಿರುತ್ತಾನೆ. ಯಾವ ಬಸ್ಸೂ ಹತ್ತುವುದಿಲ್ಲ. ಯುಗಾದಿಗೆ ಯಾರೋ ದಾನ ಕೊಟ್ಟ ಅಂಗಿ ಹಿಡಿದು ಹೋದರೆ ಹಿಂದಕ್ಕೆ ಸರಿದಿದ್ದ.

“ಬ್ಯಾಡಿ ಸಾ. ಒಬ್ಬರಂಗಿ ಇನ್ನೊಬ್ಬರು ಆಕ್ಕಂಡ್ರೆ ಲೆಕ್ಕ ತಪ್ಪೋಯ್ತದೆ.”

ತಲೆ ಸರಿಯಿಲ್ಲ ಎಂದುಕೊಂಡು ಶಶಿಧರ್ ಸುಮ್ಮನಾಗಿದ್ದರು.

ಇವತ್ತಿನ ಊಟ ಭಾರತೀನಗರದ ಚಲುವಮ್ಮನದು. ಗಂಡ ತೀರಿಕೊಂಡು ಮೂರು ವರ್ಷ. ಸತ್ತವರ ನೆನಪಿಗೆ ಊಟ ಕೊಡುವವರು ತಮ್ಮ ಪದ್ಧತಿ ನಡೆಸಿಕೊಳ್ಳಲಿ, ಹೊಟ್ಟೆಗೆ ಜಾತಿಯಿಲ್ಲ ಎನ್ನುತ್ತಾರೆ ಸಿಸ್ಟರ್. ಕಾಂಪೌಂಡಿನ ಮೂಲೆಯ ಕಲ್ಲಿನ ಮೇಲೆ ಬಾಳೆಲೆ. ಎಲೆಯಲ್ಲಿ ಆ ಗಂಡನಿಗಿಷ್ಟವಾದದ್ದೆಲ್ಲ: ಮುದ್ದೆ, ಕೋಳಿಸಾರು, ಉದ್ದಿನ ವಡೆ. ಹಿಂದೆ ಹಾರ ಹಾಕಿದ ಫೋಟೋ. ಅದರ ಗಾಜು ಒರೆಸಿಟ್ಟವರು ಶಶಿಧರ್ ಅವರೇ. ನುಣ್ಣಗೆ ಗಡ್ಡ ಹೆರೆದ, ದಪ್ಪ ಕೆನ್ನೆಯ ಆಸಾಮಿ. ಎಡಗಿವಿಯ ಹಾಲೆ ಹರಿದು ಎರಡಾಗಿತ್ತು.

ಎಡೆಯನ್ನು ಕಾಗೆ ಮುಟ್ಟುವವರೆಗೆ ಯಾರಿಗೂ ಬಡಿಸುವಂತಿಲ್ಲ. ಹನ್ನೆರಡೂವರೆಗೆ ಇಟ್ಟದ್ದು. ಒಂದೂಕಾಲಾದರೂ ಕಾಗೆಯ ಸುಳಿವಿಲ್ಲ. ಸಾಲಿನಲ್ಲಿ ಗೊಣಗಾಟ ಶುರುವಾಯಿತು.

“ಎಲ್ಡ್ ವರ್ಸ ಮನೆ ಮಾಳಿಗೆ ಮ್ಯಾಲೆ ಮಡಗ್ದೆ ಕಣಣ್ಣ, ಮುಟ್ಲಿಲ್ಲ,” ಎಂದಳು ಚಲುವಮ್ಮ. ದನಿಯಲ್ಲಿ ಅಳುವಿರಲಿಲ್ಲ, ಏನೂ ಇರಲಿಲ್ಲ. “ಜಗಳದಾಗೆ ಅಂದ್ಬುಟ್ಟೆ, ಸತ್ರೂ ನಿನ್ ಮಕ ನೋಡಕಿಲ್ಲ ಓಗು ಅಂತ. ಓದ್ರು. ಆರ್ನೇ ದಿನಕ್ಕೆ ನಾಲೇಲಿ ಸಿಕ್ಕುದ್ರು. ನೋಡಕೆ ಮಕ ಎಲ್ಲಿತ್ತು? ಅಂಗಿ ನೋಡಿ ಗುರ್ತಿಡುದ್ವಿ. ಇನ್ನೂವೆ ಸಿಟ್ಟು ಓಗಿಲ್ಲ ಅವ್ರಿಗೆ.”

“ಸಾಕು ಬುಡಮ್ಮ,” ಎಂದಳು ಮಗಳು ಪ್ರಿಯಾಂಕ. ಅಪ್ಪನ ಸರ್ಕಾರಿ ಕೆಲಸ ಅನುಕಂಪದ ಮೇಲೆ ಅವಳಿಗೆ ಸಿಕ್ಕಿತ್ತು. ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ. ಎರಡು ಗಂಟೆಗೆ ಕಚೇರಿಯಲ್ಲಿರಬೇಕು.

“ನೀ ಓಗವ್ವ. ಅವ್ರು ತಿನ್ನಗಂಟ ನಾನೂ ತಿನ್ನಕಿಲ್ಲ. ಈ ಸಲವೂ ಮುಟ್ಲಿಲ್ಲ ಅಂದ್ರೆ ನನ್ ಕೈ ಅನ್ನ ಅವ್ರಿಗೆ ಬ್ಯಾಡ ಅಂತ್ಲೇ.”

ಬೆಳಿಗ್ಗೆಯಿಂದ ಅವಳು ನೀರೂ ಕುಡಿದಿರಲಿಲ್ಲ.

ಸಿಸ್ಟರ್ ಬಂದರು. “ಇಷ್ಟು ಜನ ದಿಟ್ಟಿಸಿ ನಿಂತ್ರೆ ಯಾವ ಕಾಗೆ ಬರುತ್ತೆ? ಎಲ್ರೂ ಆ ಕಡೆ ತಿರುಗಿ.”

ಊರಲ್ಲಾದರೂ ಎಡೆಯಿಟ್ಟು ಬಾಗಿಲು ಹಾಕಿಕೊಳ್ಳುವುದಿದೆ, ಸತ್ತವರು ನಾಚದೆ ಉಣ್ಣಲಿ ಎಂದು. ಇಲ್ಲಿ ಬಾಗಿಲಿರಲಿಲ್ಲ. ಅರವತ್ತು ಜನ ಬೆನ್ನು ತಿರುಗಿಸಿದರು.

ಶಶಿಧರ್ ಮಾತ್ರ ಓರೆಗಣ್ಣು ಬಿಟ್ಟಿದ್ದರು. ಸಾಲಿನ ಕೊನೆಯಿಂದ ಟವೆಲ್ಲಿನವನು ಸದ್ದಿಲ್ಲದೆ ಸರಿದ. ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮುದ್ದೆಯ ತುದಿ ಮುರಿದು ಸಾರಿಗದ್ದಿ ನುಂಗಿದ. ಅರ್ಧ ವಡೆ ತಿಂದ. ಕದ್ದು ತಿನ್ನುವವರ ಗಡಿಬಿಡಿ ಅವನಲ್ಲಿರಲಿಲ್ಲ. ಎದ್ದು ಮತ್ತೆ ಸಾಲಿಗೆ ಸೇರಿದ.

ಶಶಿಧರ್ ಕೂಗಲು ಬಾಯಿ ತೆರೆದರು. ಅಷ್ಟರಲ್ಲಿ ಚಲುವಮ್ಮ ತಿರುಗಿದಳು. ಮುರಿದ ವಡೆ ಕಂಡಳು.

“ತಿಂದ್ರು ಕಣವ್ವಾ! ತಿಂದ್ರು!”

ಮೂರು ವರ್ಷ ಬಾರದಿದ್ದ ಅಳು ಒಮ್ಮೆಗೇ ಬಂತು. ಪ್ರಿಯಾಂಕ ಅಮ್ಮನನ್ನು ತಬ್ಬಿಕೊಂಡಳು. ಶಶಿಧರ್ ತೆರೆದ ಬಾಯಿ ಮುಚ್ಚಿಕೊಂಡರು.

ಚಲುವಮ್ಮ ತಾನೇ ವಡೆಯ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಡಿಸಿದಳು. ಟವೆಲ್ಲಿನವನು ಎಲೆಯ ಮೇಲೆ ಬಗ್ಗಿಬಿಟ್ಟಿದ್ದ. “ನಾಚ್ಕೋಬ್ಯಾಡ, ಒಟ್ಟೆ ತುಂಬ ಉಣ್ಣಪ್ಪ,” ಎಂದು ಎರಡು ಹಾಕಿ ಮುಂದೆ ಹೋದಳು. ಅವನು ತಲೆಯೆತ್ತಲಿಲ್ಲ. ಕೊನೆಗೆ ಅವಳೂ ಕೂತು ಉಂಡಳು.

ತಾಯಿ ಮಗಳು ಫೋಟೋ ಸುತ್ತಿಕೊಂಡು ಹೊರಟ ಮೇಲೆ ಶಶಿಧರ್ ಅವನನ್ನು ನಲ್ಲಿಯ ಬಳಿ ಹಿಡಿದರು.

“ಸತ್ತವರ ಎಡೆಗೆ ಕೈ ಹಾಕ್ತೀಯಲ್ಲ, ನಾಚಿಕೆ ಆಗಲ್ವೇನಯ್ಯ? ಆಯಮ್ಮನಿಗೆ ಹೇಳಿದ್ರೆ ಏನಾಗುತ್ತೆ ಗೊತ್ತಾ?”

“ಏಳ್ಬ್ಯಾಡಿ ಸಾ. ಮಗೀನ ಕೆಲ್ಸ ಓಯ್ತದೆ.”

“ಯಾವ ಮಗು? ಯಾರ ಕೆಲಸ?”

ಅವನು ನಲ್ಲಿ ತಿರುಗಿಸಿದ. ಮುಖ ತೊಳೆದ. ಒರೆಸಿಕೊಳ್ಳಲು ತಲೆಯ ಟವೆಲ್ಲು ಬಿಚ್ಚಿದ. ಎಡಗಿವಿಯ ಹಾಲೆ ಹರಿದು ಎರಡಾಗಿತ್ತು.

“ನಂಗೆ ಮಡಗಿದ್ದುನ್ನೇ ತಿಂದೆ ಸಾ.”