ಖಾಲಿ ಬಾಟಲಿ

“ತಡಿ ಶ್ರೀ! ಖಾಲಿ ಬಾಟ್ಲಿ ಹಿಡ್ಕೊಂಡು ಹೊಸ್ತಿಲಾ ದಾಟಬ್ಯಾಡ,” ಎಂದು ಗೋಪಿಕಾಬಾಯಿ ಅಡುಗೆಮನೆಯಿಂದಲೇ ಕೂಗಿದರು.

ಶ್ರೀವಿದ್ಯಾ ಆಗಲೇ ಚಪ್ಪಲಿ ಮೆಟ್ಟಿದ್ದಳು. ಹತ್ತಿಮತ್ತೂರಿಗೆ ಹೋಗಿ ರೈತ ಯಲ್ಲಪ್ಪನ ಬಾವಿಯ ನೀರು ತುಂಬಿಕೊಂಡು, ಅಲ್ಲಿಂದ ಧಾರವಾಡದ ವಿಜ್ಞಾನಿಗಳ ಸಭೆಗೆ ಮುಟ್ಟಬೇಕಿತ್ತು. ಕರೆದೊಯ್ಯಲು ಯಲ್ಲಪ್ಪನೇ ಸವಣೂರಿನ ಅವರ ಮನೆಗೆ ಬೈಕು ತಂದು ಕಟ್ಟೆಯ ಮೇಲೆ ಕುಳಿತಿದ್ದ. ಮೈಮೇಲೆ ಮದುವೆಗೆ ಹಾಕುವ ಅಂಗಿ. ಇರದೆ ಏನು, ಅವನ ಬಾವಿಯ ಹೆಸರು ಇಂದು ದೊಡ್ಡ ದೊಡ್ಡವರ ಮುಂದೆ ಬರುವುದಿತ್ತು.

ಶ್ರೀವಿದ್ಯಾ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಾಳೆ. ನೆಲ ನಡುಗುವ ಮುಂಚೆ ಆಳದ ಬಂಡೆ ಬಿರುಕು ಬಿಡಬಹುದು, ಅಲ್ಲಿಯ ನೀರು ಮೇಲಿನ ನೀರಿಗೆ ಕೂಡಬಹುದು, ಹಾಗಾದರೆ ಬಾವಿಯ ನೀರಿನ ಲವಣ ಬದಲಾಗಿ ನಮಗೆ ಮೊದಲೇ ಸುಳಿವು ಸಿಗಬಹುದು. ಈ ‘ಬಹುದು’ಗಳನ್ನು ನಂಬಿ ಅವಳು ವರ್ಷಗಟ್ಟಲೆ ವಾರವಾರವೂ ನೀರು ಹೊತ್ತಳು. “ನೀರಿನ ಜೋಯಿಸರು ಬಂದ್ರು” ಎಂದು ಜೊತೆಯವರು ನಗುತ್ತಿದ್ದರು. ಆದರೆ ಹೋದ ಚಳಿಗಾಲದಲ್ಲಿ ಯಲ್ಲಪ್ಪನ ಬಾವಿಯ ನೀರಿನಲ್ಲಿ ಸೋಡಿಯಂ, ಕ್ಲೋರೈಡ್ ಒಮ್ಮೆಲೇ ಏರಿದವು. ಮುಂದಿನ ವಾರವೇ ಊರ ಅಡುಗೆಮನೆಗಳಲ್ಲಿ ತಾಟು, ವಾಟಿ ಗಲಗಲ ಎಂದವು. ಕಂಪನ ಸಣ್ಣದು, ಗೋಡೆ ಬೀಳಲಿಲ್ಲ. ನಗುವವರ ಬಾಯಿ ಮಾತ್ರ ಮುಚ್ಚಿತು. ಅದನ್ನೇ ಇಂದು ಧಾರವಾಡದಲ್ಲಿ ಹೇಳಬೇಕಿತ್ತು.

ಗೋಪಿಕಾಬಾಯಿ ಸೆರಗಿಗೆ ಕೈ ಒರೆಸುತ್ತ ಬಂದರು. ಮಗಳ ಕೈಯಿಂದ ಬಾಟಲಿ ಇಸಿದುಕೊಂಡು, ಮುಚ್ಚಳ ತೆಗೆದು, ಮುಷ್ಟಿಯಲ್ಲಿದ್ದುದನ್ನು ಒಳಗೆ ಉದುರಿಸಿದರು.

“ಅವ್ವಾ, ಏನ್ ಹಾಕ್ದಿ?”

“ನಾಲ್ಕು ಹರಳು ಉಪ್ಪು. ಖಾಲಿ ಪಾತ್ರಿ ಮನಿ ಬಿಟ್ಟು ಹೋಗಬಾರ್ದು, ಅದೂ ಇಂಥಾ ದಿನ. ಸಕ್ಕರಿ ಹಾಕಿದ್ರ ಇರಿವಿ ಬರ್ತಾವ.”

ಶ್ರೀವಿದ್ಯಾ ಪ್ರತಿಸಲವೂ ಬಾಟಲಿಗಳನ್ನು ಚೀಲದಲ್ಲಿ ಮುಚ್ಚಿಕೊಂಡು ಹೋಗುವವಳು. ಅವ್ವನ ಕಣ್ಣಿಗೆ ಬೀಳುತ್ತಿದ್ದುದು ಕಡಿಮೆ. ಅವಳು ಮೆಲ್ಲಗೆ ಕೇಳಿದಳು: “ಹ್ವಾದ ಚಳಿಗಾಲದಾಗ ನನಗ ಜ್ವರಾ ಬಂದಾಗ ನೀನ ಯಲ್ಲಪ್ಪನ ಕೈಯಾಗ ಬಾಟ್ಲಿ ಕೊಟ್ಟಿದ್ಯಲ್ಲಾ, ಅದರಾಗೂ ಹಾಕಿದ್ದೇನು?”

“ಹಾಕಿದ್ದೆ ಮತ್ತ. ಮನಿಗೆ ಬಂದವರ ಕೈಯಾಗ ಖಾಲಿ ಕೊಡ್ಲಿಕ್ಕೆ ಆಗ್ತದೇನು?”

ಶ್ರೀವಿದ್ಯಾ ಕಟ್ಟೆಯ ಕಡೆ ತಿರುಗಿದಳು. “ಯಲ್ಲಪ್ಪಾ, ಆವತ್ತ ನೀರು ತುಂಬೂಕಿಂತ ಮೊದಲ ಬಾಟ್ಲಿ ತೊಳದಿದ್ರೇನು?”

“ಇಲ್ರಿ ಅಕ್ಕಾರ. ಅವ್ವಾರ ಕೈಯಿಂದ ಬಂದದ್ದು, ಮಡೀಲೆ ಇರ್ತೈತಿ. ನಾ ಮತ್ತ ತೊಳದ್ರ ಅವ್ರಿಗೆ ಅವಮಾನ ಮಾಡಿದಂಗ ಆಕ್ಕೈತಿ ಅಂತ ಹಂಗ ತುಂಬಿದ್ನಿ.”

ಏರಿದ್ದು ಸೋಡಿಯಂ ಮತ್ತು ಕ್ಲೋರೈಡ್. ಎರಡೂ ಕೂಡಿದರೆ ಅಡುಗೆಯ ಉಪ್ಪು. ಬಂಡೆಯ ಆಳದಿಂದ ಬಂತು ಎಂದುಕೊಂಡದ್ದು ಅವ್ವನ ಉಪ್ಪಿನ ಭರಣಿಯಿಂದ ಬಂದಿತ್ತು. ಶ್ರೀವಿದ್ಯಾ ಚಪ್ಪಲಿ ಮೆಟ್ಟಿದ ಕಾಲಲ್ಲೇ ಹೊಸ್ತಿಲ ಬಳಿ ಕುಳಿತಳು. ಏನಾಯಿತೆಂದು ಬಿಡಿಸಿ ಹೇಳಿದಳು.

ಯಲ್ಲಪ್ಪ ಕಟ್ಟೆಯ ಮೇಲಿಂದಲೇ ಮುಂದಕ್ಕೆ ಬಾಗಿದ. “ಬಿಡ್ರಿ ಅಕ್ಕಾರ, ಯಾರ್ ನೋಡ್ಯಾರ? ನೆಲಾ ಅಂತೂ ಖರೇನ ನಡುಗೇತಿ. ಊರ ಮಂದಿ ನಮ್ಮ ಭಾವಿಗೆ ಕೈ ಮುಗ್ಯಾಕತ್ತಾರ.”

“ಹೇಳಬ್ಯಾಡ ಶ್ರೀ,” ಎಂದರು ಗೋಪಿಕಾಬಾಯಿ. “ಎಷ್ಟ್ ವರ್ಷದ ಕಷ್ಟ ನಿಂದು. ಪಾಪ ಬಂದ್ರ ನನಗ ಬರ್ಲಿ.”

ಶ್ರೀವಿದ್ಯಾಳ ಕಣ್ಣಲ್ಲಿ ನೀರು ನಿಂತಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ. “ನಾ ಸುಮ್ನ ಇದ್ದೆ ಅಂತ ತಿಳಕೋ. ನಾಳೆ ಎಲ್ಲೋ ಒಂದ್ ಭಾವ್ಯಾಗ ಉಪ್ಪು ಏರ್ತದ. ನೆಲಾ ನಡುಗ್ತದಂತ ಮಕ್ಳು, ಮುದುಕರು ಅಂತ ನೋಡಲಾರ್ದ ಎಲ್ಲಾರ್ನೂ ಥಂಡ್ಯಾಗ ಹೊರಗ ಮಲಗಸ್ತೇವಿ. ಏನೂ ಆಗೂದಿಲ್ಲ. ಆಮ್ಯಾಲ ಒಂದಿನ ನೀರು ಖರೇನ ಹೇಳ್ತದ. ಆವಾಗ ಮನಿ ಬಿಟ್ಟು ಹೊರಗ ಬರ್ರಿ ಅಂದ್ರ ಯಾರ್ ಬರ್ತಾರವ್ವಾ?”

ಇಷ್ಟು ವರ್ಷ ಕಾದು ಸಿಕ್ಕ ಮಾನವನ್ನು ಹೀಗೆ ಒಂದೇ ಉಸಿರಿಗೆ ಬಿಟ್ಟುಕೊಡುವ ಎದೆ ಎಷ್ಟು ಜನಕ್ಕಿದ್ದೀತು! ವಯಸ್ಸಿನಲ್ಲಿ ಹಿರಿಯನಾದ ಯಲ್ಲಪ್ಪ ತಾನಾಗಿ ಎದ್ದು ನಿಂತ.

“ಹಂಗಾರ ಧಾರವಾಡಕ್ಕ ಹೋಗೂದು ಬ್ಯಾಡೇನ್ರಿ?”

“ಯಾಕ ಬ್ಯಾಡ? ಹೋಗಿ ಉಪ್ಪಿನ ಕಥೀನ ಹೇಳ್ತೇನಿ. ನಕ್ರ ನಗ್ಲಿ. ಮೊದಲ ನಿಮ್ಮ ಭಾವಿ ನೀರು ತುಂಬೂದದ.”

ಯಲ್ಲಪ್ಪ ಅಂಗಿಯ ತೋಳು ಮೇಲಕ್ಕೇರಿಸಿದ. “ಊರಾಗ ನಾನ ಹೇಳ್ತೇನ್ರಿ. ತೊಳೀಲಾರದ ತುಂಬಿದಾಂವ ನಾ, ಭಾವೀದೇನೂ ತಪ್ಪಿಲ್ಲ ಅಂತೇನಿ.”

ಆಗ ಗೋಪಿಕಾಬಾಯಿ ಬಾಟಲಿ ಹಿಡಿದು ಹಿತ್ತಲ ನಲ್ಲಿಗೆ ನಡೆದರು. ನೆರೆಮನೆಯ ಮೊಸರಿನ ವಾಟಿಯನ್ನು ಕೂಡ ಒಂದು ಚಮಚೆ ಸಕ್ಕರೆ ಹಾಕದೆ ಹಿಂದಿರುಗಿಸದ ಹೆಣ್ಣುಮಗಳು, ಉಪ್ಪು ಚೆಲ್ಲಿ ಬಾಟಲಿಯನ್ನು ಗಲಗಲ ಗಲಬರಿಸಿದರು. ಮತ್ತೆ ನೀರು ಹಿಡಿದರು, ಮತ್ತೆ ಚೆಲ್ಲಿದರು. ಸೆರಗಿನಿಂದ ಒರೆಸಲು ಹೋಗಿ ತಟ್ಟನೆ ಕೈ ಹಿಂದೆಗೆದರು. ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದು ತಳ ನೋಡಿದರು. ಆಮೇಲೆ ಹೊಸ್ತಿಲವರೆಗೂ ಬಂದು, ತಮ್ಮ ಕೈಯಾರೆ ಅದನ್ನು ಮಗಳ ಕೈಗಿತ್ತರು.

“ಏನೂ ಇಲ್ಲ ಒಳಗ, ನೋಡ್ಕೋ. ಹೋಗಿ ಬಾ.”