ಶಾಲಿನಿಗೆ ಹಿಡಿದ ಜಾಗ

ನಾಟಕದ ಮೂರನೇ ಬೆಲ್ ಹೊಡೆದರೂ ಆ ಹುಡುಗಿ ಪಕ್ಕದ ಕುರ್ಚಿಯ ಮೇಲೆ ಹಾಸಿದ್ದ ಕರವಸ್ತ್ರವನ್ನು ತೆಗೆಯಲಿಲ್ಲ. "ಇಲ್ಲಿ ಒಬ್ರು ಬರ್ತಾರೆ. ಶಾಲಿನಿ ಅಂತ," ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಬಾಗಿಲ ಬಳಿ ನಿಂತಿದ್ದ ವೃಂದಾಗೆ ಅದು ಕೇಳಿಸಿತು. ಶಾಲಿನಿ ಎಂಬವಳು ಇರಲೇ ಇಲ್ಲ. ಪಿ.ಆರ್. ಅನುಭವ ಸಿಗುತ್ತದೆಂದು ಈ ಕನ್ನಡ ನಾಟಕ ತಂಡದ ಆರ್ಕುಟ್ ಜಾಲತಾಣದ ಪ್ರಚಾರವನ್ನು ಬಿಟ್ಟಿಯಾಗಿ ಒಪ್ಪಿಕೊಂಡಿದ್ದ ವೃಂದಾ, ಎಗ್ಮೋರ್‌ನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, "ಯಾರೆಲ್ಲ ಬರ್ತೀರಿ?" ಎಂದು ಬರೆದಿದ್ದಳು. ಯಾರೂ ಪಿಟಕ್ಕೆನ್ನದಿದ್ದಾಗ, ಮುಖದ ಬದಲು ದಾಸವಾಳದ ಚಿತ್ರ ಹಾಕಿ ಶಾಲಿನಿ ಹೆಸರಿನ ಸುಳ್ಳು ಖಾತೆಯೊಂದನ್ನು ಹುಟ್ಟಿಸಿ, "ನಾನು ಬರ್ತೀನಿ!" ಎಂದು ತಾನೇ ಉತ್ತರ ಕೊಟ್ಟಿದ್ದಳು. ಅದರ ಕೆಳಗೆ ಜಲಜಾ ಎಂಬವಳು ಕೇಳಿದ್ದಳು: "ನಾನೂ ಒಬ್ಬಳೇ. ನಿಂಗೆ ಜಾಗ ಹಿಡೀಲಾ?" ಶಾಲಿನಿ ಹೂಂ ಎಂದಿದ್ದಳು.

ದೀಪಗಳು ಆರತೊಡಗಿದವು. ಜಲಜಾ ಇನ್ನೂ ಬಾಗಿಲತ್ತಲೇ ನೋಡುತ್ತಿದ್ದಳು. ಕಾಲೇಜು ಸೇರಿದಾಗಿನಿಂದ ವೃಂದಾಗೆ ಕ್ಯಾಂಟೀನಿನಲ್ಲೂ ಯಾರೂ ಜಾಗ ಹಿಡಿದಿಟ್ಟಿರಲಿಲ್ಲ. ಅವಳು ಎದೆಯ ಮೇಲಿದ್ದ ಹೆಸರಿನ ಬ್ಯಾಡ್ಜನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡು ಆ ಸಾಲಿನೊಳಗೆ ನಡೆದಳು.

"ಶಾಲಿನೀನಾ?" ಜಲಜಾ ಕರವಸ್ತ್ರ ಎತ್ತಿಕೊಂಡಳು.

"ಸಾರಿ ಪಾ, ಲೇಟಾಯ್ತು," ಎಂದಳು ವೃಂದಾ.