ನೀಲಿ ಗೆರೆಯ ಮೇಲಿನ ಹನ್ನೊಂದು ಗುಡಿಸಲು

ಹಿಂದೆ ಮಚ್ಚಿನ ಸದ್ದು ನಿಂತಿತು. ವೀರಭದ್ರಸ್ವಾಮಿಯ ಕಾಲೂ ನಿಂತಿತು.

"ನಡೀರಿ ಸ್ವಾಮಿ, ನಿಲ್ಬ್ಯಾಡಿ," ಅಂದ ಕರಿಯ.

ವೀರಭದ್ರಸ್ವಾಮಿ ನಡೆದ. ಮುಂದೆ ಕಾಡು, ಹಿಂದೆ ಕರಿಯ, ಕರಿಯನ ಕೈಯಲ್ಲಿ ಮೊಳದುದ್ದದ ಮಚ್ಚು. ದಾರಿ ತೋರಿಸುವವನು ಮುಂದೆ ಹೋಗಬೇಕಲ್ಲವೇ? ಇವನೇಕೆ ಹಿಂದೆ ಬರುತ್ತಿದ್ದಾನೆ? ಅದೂ ನಾಲ್ಕು ಹೆಜ್ಜೆಗೊಮ್ಮೆ ಬಂದ ದಾರಿಯನ್ನೇ ತಿರುಗಿ ನೋಡುತ್ತಾ? ಕೇಳುವ ಧೈರ್ಯ ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದಾಗಿತ್ತು.

ವೀರಭದ್ರಸ್ವಾಮಿ ಹೆಗ್ಗಡದೇವನಕೋಟೆಯ ಕಚೇರಿಯೊಂದರಲ್ಲಿ ಸರ್ವೆಯರು. ಎರಡು ವರ್ಷದ ಹಿಂದೆ, ಎಪ್ಪತ್ತೊಂದರಲ್ಲಿ, ಸೀಗೆಹಳ್ಳದ ಅಣೆಕಟ್ಟಿಗಾಗಿ ಈ ಕಾಡನ್ನು ಅಳೆದು ನಕ್ಷೆ ಬರೆದವನು ಅವನೇ. ನಕ್ಷೆಯಲ್ಲಿ ಒಂದು ನೀಲಿ ಗೆರೆ. ಅಣೆಕಟ್ಟು ತುಂಬಿದರೆ ನೀರು ಅಲ್ಲಿಗೆ ನಿಲ್ಲುತ್ತದೆ. ಗೆರೆಯ ಕೆಳಗಿದ್ದ ಹಾಡಿಗಳ, ಕಾಡು ಜನರ ಆ ವಸತಿಗಳ, ಹೆಸರು ಪಟ್ಟಿಗೆ ಹೋಯಿತು, ಜನರನ್ನು ಬೇರೆಡೆಗೆ ಸಾಗಿಸಲಾಯಿತು. ಗೆರೆಯ ಮೇಲಿದ್ದವರು ಇದ್ದಲ್ಲೇ ಇದ್ದರು. ಕರಿಯನ ಹಾಡಿಯ ಹನ್ನೊಂದು ಗುಡಿಸಲುಗಳನ್ನು ಅವನು ಗೆರೆಯಿಂದ ಒಂದಡಿ ಮೇಲೆ, ಕಪ್ಪು ಶಾಯಿಯಲ್ಲಿ, ಅಂದವಾಗಿ ಗುರುತು ಮಾಡಿದ್ದ.

ಕೆಳಗಿನ ಹಾಡಿ ಅಳೆದು, ಅಲ್ಲಿಯವರನ್ನು ಸಾಗಿಸಿದ ಮೇಲೆಯೇ ಮೇಲಿನ ಅಳತೆ ನಡೆದದ್ದು. ಆಗ ಅಳತೆ ಕೋಲು ಹಿಡಿಯುವ ಕೂಲಿಗೆ ಇದ್ದವನು ಇದೇ ಕರಿಯ. ಹಾಡಿಯ ಸುತ್ತ ಲಂಟಾನ ಎದೆಯೆತ್ತರ ಬೆಳೆದಿತ್ತು. ಪೊದೆಯಾಚೆ ಕರಿಯ ಕೋಲು ನಿಲ್ಲಿಸುತ್ತಿದ್ದ, ಈಚೆಯಿಂದ ವೀರಭದ್ರಸ್ವಾಮಿ ದುರ್ಬೀನಿನಲ್ಲಿ ಅಂಕಿ ಓದಿ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದ.

ಮೊನ್ನೆ ಹೆಗ್ಗಡದೇವನಕೋಟೆಯ ಹೋಟೆಲಿನಲ್ಲಿ ಫಾರೆಸ್ಟ್ ಗಾರ್ಡ್ ನಂಜಣ್ಣ ಚಹಾ ಕುಡಿಯುತ್ತಾ ಹೇಳಿದ್ದ: "ಕರಿಯನ ಹಾಡಿಗೆ ನೀರು ನುಗ್ಗೈತೆ ಕಣ್ರೀ. ಆಚೆ ದಡದಿಂದ ನೋಡ್ದೆ. ಒಂದು ನರಪಿಳ್ಳೆನೂ ಕಾಣ್ಲಿಲ್ಲ."

ವೀರಭದ್ರಸ್ವಾಮಿ ಚಹಾ ಅಲ್ಲೇ ಬಿಟ್ಟೆದ್ದ. ಕಚೇರಿಗೆ ಓಡಿ ಹಳೆಯ ಪುಸ್ತಕ ತೆಗೆದು ಏಳು ಸಲ ಲೆಕ್ಕ ಮಾಡಿದ. ಲೆಕ್ಕ ಸರಿಯಾಗಿತ್ತು. ಹಾಗಾದರೆ ಕಣ್ಣು ತಪ್ಪಿತ್ತು. ಮೂರಡಿ ತಪ್ಪು ಓದಿತ್ತು. ಹನ್ನೊಂದು ಗುಡಿಸಲು, ನಲವತ್ತಕ್ಕೂ ಹೆಚ್ಚು ಜೀವ. ಕೆಳಗಿನ ಹಾಡಿಯವರನ್ನಾದರೂ ತನ್ನ ನಕ್ಷೆ ಉಳಿಸಿತಲ್ಲ ಎಂಬುದೊಂದೇ ಸಮಾಧಾನ. ಯಾರಿಗೂ ಬಾಯಿ ಬಿಡದೆ, ನಕ್ಷೆಯನ್ನು ಚೀಲಕ್ಕೆ ತುರುಕಿ, ಬೆಳಗಿನ ಮೊದಲ ಬಸ್ಸು ಹತ್ತಿ ಬಂದಿದ್ದ. ಕಾಡಿನಂಚಿನಲ್ಲಿ ಕರಿಯ ಬಂಡೆಯ ಮೇಲೆ ಕೂತು ಕಾಯುತ್ತಿದ್ದ.

"ಗಾರ್ಡು ನೀರ ನೋಡ್ಕಂಡು ವೋದ. ಆವಾಗ್ಲೇ ಅಂದ್ಕಂಡೆ, ನೀವ್ ಬತ್ತೀರಿ ಅಂತ," ಅಂದಿದ್ದ. ಅಷ್ಟೇ. ಹೇಗಿದ್ದೀರಿ ಎಂದೂ ಕೇಳಿರಲಿಲ್ಲ.

ಈಗ ಮತ್ತೆ ಬಾಯಿ ಬಿಟ್ಟ. "ನೀವ್ ಬಂದಿರಾದು ಕಚೇರಿಯೋರ್ಗೆ ಗೊತ್ತಾ?"

"ಇಲ್ಲ," ಅಂದುಬಿಟ್ಟು ವೀರಭದ್ರಸ್ವಾಮಿ ನಾಲಿಗೆ ಕಚ್ಚಿಕೊಂಡ. ಗೊತ್ತು ಅನ್ನಬೇಕಿತ್ತು!

"ನಕ್ಸೆ?"

"ಚೀಲದಲ್ಲಿದೆ."

"ಒಳ್ಳೇದಾಯ್ತು ಬುಡಿ."

ಹೆಂಡತಿ ಸುನಂದಾಗಾದರೂ ಹೇಳಿ ಬರಬೇಕಿತ್ತು ಅನ್ನಿಸಿತು.

ಮರಗಳು ಸರಿದವು. ಹಾಡಿ ಇದ್ದಲ್ಲಿ ನೀರು ನಿಂತಿತ್ತು, ಕೆಂಪಗೆ, ಅಲುಗಾಡದೆ. ಒಂದು ಸೂರಿಲ್ಲ, ಒಂದು ಮಡಕೆಯಿಲ್ಲ. ನಾಲ್ಕೈದು ಗೂಟಗಳ ತುದಿ ಮಾತ್ರ ಕಾಣುತ್ತಿತ್ತು.

"ಜನ ಎಲ್ಲಿ ಕರಿಯಾ? ಮಕ್ಕಳೆಲ್ಲಿ?"

ಕರಿಯ ಮಚ್ಚಿನಿಂದ ಗುಡ್ಡದ ಕಡೆ ತೋರಿಸಿದ. "ಅತ್ತಿ."

ಹತ್ತಿದ. ಸಾಯುವುದಾದರೆ ಅಲ್ಲೇ ಸಾಯುತ್ತೇನೆ ಅಂದುಕೊಂಡೇ ಹತ್ತಿದ. ಮೇಲೆ ಬಿದಿರಿನ ಮರೆಯಲ್ಲಿ ಹನ್ನೊಂದು ಗುಡಿಸಲು! ಹೊದಿಸಿದ ಸೊಪ್ಪು ಇನ್ನೂ ಹಸಿರಾಗಿತ್ತು. ಇವನನ್ನು ಕಂಡದ್ದೇ ಹೆಂಗಸರು ಮಕ್ಕಳನ್ನು ಒಳಕ್ಕೆಳೆದುಕೊಂಡರು. ಕರಿಯನ ತಾಯಿ ಕೆಂಪಿ ಒಬ್ಬಳೇ ಅಂಗಳದಲ್ಲಿ ಅಲುಗಾಡದೆ ನಿಂತಿದ್ದಳು.

ಎಲ್ಲರೂ ಬದುಕಿದ್ದರು. ವೀರಭದ್ರಸ್ವಾಮಿಗೆ ಅಳು ಒತ್ತರಿಸಿ ಬಂತು. ಹೋಗಿ ಮುದುಕಿಯ ಕಾಲಿಗೆ ಬಿದ್ದ.

"ತಪ್ಪಾಯ್ತು ತಾಯಿ. ನನ್ನ ಕಣ್ಣು ತಪ್ಪಿ ನಿಮ್ಮ ಹಾಡೀನ ಗೆರೆಯ ಮೇಲೆ ಬರೆದೆ. ನನ್ನಿಂದ ನೀವೆಲ್ಲ ಮುಳುಗಿಹೋಗ್ತಿದ್ರಿ. ನಾಳೆಯೇ ನಕ್ಷೆ ತಿದ್ದುತ್ತೀನಿ. ನಿಮ್ಮೆಲ್ಲರ ಹೆಸರೂ ಪಟ್ಟಿಗೆ ಸೇರಿಸ್ತೀನಿ."

ಕೆಂಪಿ ಕಾಲು ಹಿಂದಕ್ಕೆಳೆದುಕೊಂಡಳು. "ಲಾರಿ ಬತ್ತದಾ ಸ್ವಾಮಿ?"

"ಬರುತ್ತೆ ತಾಯಿ! ಕೆಳಗಿನ ಹಾಡಿಗೆ ಬಂದ ಹಾಗೆಯೇ. ಬೇಕಾದರೆ ಎರಡು ಲಾರಿ ಕಳಿಸೋಕೆ ಹೇಳ್ತೀನಿ."

ಗುಡಿಸಲೊಂದರ ಒಳಗೆ ಯಾರೋ ಗೊಳೋ ಎಂದು ಅತ್ತರು. ಸಂತೋಷಕ್ಕಿರಬೇಕು ಅಂದುಕೊಂಡ ವೀರಭದ್ರಸ್ವಾಮಿ. ತಿರುಗಿ ನೋಡಿದರೆ ಕರಿಯ ಮಚ್ಚನ್ನು ನೆಲಕ್ಕೆ ಹಾಕಿ, ಎರಡೂ ಕೈ ಮುಗಿದು ನಿಂತಿದ್ದ.

"ನಿಮ್ಮ ಕಣ್ಣು ತಪ್ಪಿಲ್ಲ ಸ್ವಾಮಿ. ಕೆಳಗಲ ಹಾಡಿಯೋರ್ನ ಲಾರಿಗೆ ತುಂಬ್ಕಂಡು ವೋದದ್ದ ನೋಡೇ, ನಮ್ಮಾಡಿ ಗೆರೆ ಮ್ಯಾಲೇ ಬರ್ಲಿ ಅಂತ ನಾನು ಕೋಲ್ನ ನೆಲದ ಮ್ಯಾಲೆ ಇಡ್ದಂಗೆ, ಬಂಡೆ ಮ್ಯಾಲೆ ನಿಲ್ಸಿದ್ದು."